ಉಗ್ರಾಣದ ಕುರ್ಚಿ

ನನ್ನ ಗಂಡ ಎವಾರಿಸ್ತೊ ಬೇಸ್‌ಬಾಲ್ ಆಡಿದ್ದನ್ನು ಮಕೊರೀಸ್ ಊರೆಲ್ಲ ನೋಡಿದೆ. ಸಕ್ಕರೆ ಕಾರ್ಖಾನೆಯ ಕೂಲಿಗಳು ನೋಡಿದ್ದಾರೆ, ಪಾದ್ರಿಗಳು ನೋಡಿದ್ದಾರೆ, ಕಣ್ಣು ಕಾಣದ ಪಕ್ಕದ ಮನೆಯ ಮುದುಕ ಕೂಡ ತಾನು ನೋಡಿದ್ದೇನೆಂದು ಆಣೆ ಮಾಡುತ್ತಾನೆ. ನೋಡದವಳು ನಾನೊಬ್ಬಳೇ. ಅವನು ದೊಡ್ಡ ಆಟ ಆಡುವಾಗಲೆಲ್ಲ ನಾನು ನಮ್ಮ ಮನೆಯ ಉಗ್ರಾಣದಲ್ಲಿ, ಅಕ್ಕಿಮೂಟೆಗಳ ನಡುವೆ, ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಹೊರಗಿನಿಂದ ಚಿಲಕ ಹಾಕಿರುತ್ತಿತ್ತು.

ಯಾರೂ ನನ್ನನ್ನು ಹೊಡೆದು ಬಡಿದು ಒಳಗೆ ನೂಕಲಿಲ್ಲ. ಶುರುವಾದದ್ದು ಹೀಗೆ. ಮದುವೆಯಾದ ಹೊಸತು, ಚಳಿಗಾಲದ ಪಂದ್ಯಗಳ ಕೊನೆಯ ದಿನ. ಎವಾರಿಸ್ತೊ ಎಡಗೈಯಲ್ಲಿ ಚೆಂಡು ಎಸೆಯುವವನು. ಮನೆಯವರೆಲ್ಲ ರೇಡಿಯೋ ಮುಂದೆ ಕೂತಿದ್ದರು. ನಾನು ಅಕ್ಕಿ ತರಲು ಉಗ್ರಾಣಕ್ಕೆ ಹೋದೆ. ಗಾಳಿಗೆ ಬಾಗಿಲು ಬಡಿಯಿತು, ಹೊರಗಿನ ಚಿಲಕ ತಾನಾಗಿ ಬಿತ್ತು. ಕೂಗಿದೆ, ಬಡಿದೆ, ರೇಡಿಯೋ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆ ಹೊತ್ತಿನಲ್ಲೇ ನನ್ನ ಗಂಡ ಎದುರಾಳಿಗಳಲ್ಲಿ ಒಬ್ಬನಿಗೂ ಒಂದೇ ಒಂದು ಸರಿಯಾದ ಹೊಡೆತ ಹೊಡೆಯಲು ಬಿಡದೆ ಇಡೀ ಆಟ ಮುಗಿಸಿಬಿಟ್ಟ. ಹಾಗೆ ಆಡುವುದು ಒಬ್ಬ ಆಟಗಾರನ ಜನ್ಮದಲ್ಲಿ ಒಂದು ಸಲ ಆದರೆ ಪುಣ್ಯ.

ಆಟ ಮುಗಿದ ಮೇಲೆ ಅತ್ತೆ ದೋನ್ಯಾ ಕಾಸಿಲ್ಡಾ ಬಾಗಿಲು ತೆಗೆದರು. ಬೆವರಿನಲ್ಲಿ ತೊಯ್ದು ನಿಂತಿದ್ದ ನನ್ನನ್ನು ತಬ್ಬಿಕೊಂಡು ಅತ್ತರು. ಮದುವೆಯಾದ ಮೇಲೆ ಅವರು ನನ್ನನ್ನು ತಬ್ಬಿದ್ದು ಅದೇ ಮೊದಲು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಬೇರೆ ಊರಿನವರು ನಕ್ಕು ಬಿಡುತ್ತಿದ್ದರೇನೋ. ನಮ್ಮೂರಿನವರು ಕಾಗೆಯನ್ನು ಹಿಡಿದು ಕೊಂಬೆಗೆ ಕಟ್ಟಿಹಾಕುವ ಜನ. ಚೆನ್ನಾಗಿ ಆಡಿದ ದಿನದ ಕಾಲುಚೀಲವನ್ನು ಸೋಲುವ ತನಕ ಒಗೆಯದವರು. ಒಳ್ಳೆಯ ಆಟ ನಡೆಯುತ್ತಿದ್ದರೆ ಅದರ ಹೆಸರೆತ್ತುವುದಿಲ್ಲ, ಕೂತ ಜಾಗ ಬಿಟ್ಟು ಏಳುವುದಿಲ್ಲ. ಅಂಥವರ ನಡುವೆ ಉಗ್ರಾಣದಲ್ಲಿ ಕೂತ ಹೆಂಡತಿ ಎಂದರೆ ಕೈಬಿಡುವ ಮಾತೇ?

ಮೊದಮೊದಲು ನನಗೂ ಅದೊಂದು ಆಟವೇ ಆಗಿತ್ತು. ನಗಬೇಡಿ, ಒಳಗೊಳಗೆ ನನಗೂ ಸ್ವಲ್ಪ ನಂಬಿಕೆ ಇತ್ತು. ಅವನು ಕಡಲಾಚೆಯ ಬಡಗಣ ದೇಶದ ದೊಡ್ಡ ತಂಡಕ್ಕೆ ಸೇರಿದ ಮೇಲೂ ಅದು ನಿಲ್ಲಲಿಲ್ಲ. ಅವನು ಅಲ್ಲಿ ಮೈದಾನಕ್ಕೆ ಇಳಿಯುವ ಮುಂಚೆ ಇಲ್ಲಿಗೆ ಫೋನು ಮಾಡುತ್ತಿದ್ದ. ‘ಮಿನಿಯಾ ಒಳಗಿದ್ದಾಳಾ?’ ಎಂದು ತಾಯಿಯನ್ನು ಕೇಳುತ್ತಿದ್ದ. ನನ್ನ ಹೆಸರು ಎರ್ಮಿನಿಯಾ. ಒಂದು ಸಲ ಮಗಳಿಗೆ ವಿಪರೀತ ಜ್ವರ ಬಂದು, ಆಟದ ನಡುವೆಯೇ ನಾನು ಬಾಗಿಲು ಒದ್ದು ಹೊರಗೆ ಬಂದು ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ. ಅದೇ ದಿನ ಅವನ ಮೊಣಕೈ ಹೋಯಿತು. ಆಸ್ಪತ್ರೆಗೆ ಅವನ ಫೋನು ಬಂದಾಗ ಮಗಳು ಹೇಗಿದ್ದಾಳೆಂದು ಕೇಳುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ‘ಬಾಗಿಲು ತೆಗೆದಿದ್ರಾ?’ ಎಂದು. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಆಟ ಬಿಟ್ಟ ಮೇಲೆ ಈ ಕಾಟ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಬಡಗಣ ದೇಶದಲ್ಲಿ ಒಂದು ಕೀರ್ತಿಮಂದಿರವಿದೆ. ಆಟ ಬಿಟ್ಟ ಮಹಾಮಹಾ ಆಟಗಾರರ ಮುಖವನ್ನು ಕಂಚಿನಲ್ಲಿ ಎರಕ ಹೊಯ್ದು ಅಲ್ಲಿಯ ಗೋಡೆಗೆ ಹಾಕುತ್ತಾರೆ. ಯಾರ ಮುಖ ಏರಬೇಕು ಎಂದು ಪತ್ರಕರ್ತರು ಮತ ಹಾಕುತ್ತಾರೆ. ಪ್ರತಿ ಜನವರಿಯಲ್ಲಿ ಒಂದು ಮಧ್ಯಾಹ್ನ, ಆಯ್ಕೆಯಾದವನಿಗೆ ಫೋನು ಬರುತ್ತದೆ. ಸಂಜೆ ಆರಕ್ಕೆ ಟಿವಿಯಲ್ಲಿ ಹೆಸರು ಓದುತ್ತಾರೆ. ಹತ್ತು ವರ್ಷ ಮಾತ್ರ ಹೆಸರು ಇಡುತ್ತಾರೆ, ಆಮೇಲೆ ತೆಗೆದುಹಾಕುತ್ತಾರೆ. ಎವಾರಿಸ್ತೊಗೆ ಪ್ರತಿ ವರ್ಷ ಮತ ಏರುತ್ತ ಬಂದಿತ್ತು, ಫೋನು ಮಾತ್ರ ಬಂದಿರಲಿಲ್ಲ. ಹೋದ ವರ್ಷ ಕೂದಲೆಳೆಯಲ್ಲಿ ತಪ್ಪಿತು. ಈ ವರ್ಷ ಹತ್ತನೆಯದು.

ಹೋದ ವರ್ಷ ಎಲ್ಲರೂ ಮುಖ ಜೋಲು ಹಾಕಿಕೊಂಡು ಕೂತಿದ್ದಾಗ ಮೈದುನ ಲಿಸಾಂದ್ರೊ ಒಂದು ಮಾತು ಆಡಿದ. ‘ಪ್ರತಿ ಸಲಾನೂ ಅತ್ತಿಗೆ ಇಲ್ಲೇ ಸೋಫಾ ಮೇಲೆ ಕೂತಿದ್ರಲ್ವಾ?’ ಅಂದ. ಅಷ್ಟೇ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಯಾರೂ ಇನ್ನೇನೂ ಹೇಳಲಿಲ್ಲ, ಇಡೀ ವರ್ಷ ಹೇಳಲಿಲ್ಲ. ಹಾಗಾಗಿ ಮರೆತಿದ್ದಾರೆ ಅಂದುಕೊಂಡು ನಾನು ನೀಲಿ ಬಣ್ಣದ ಹೊಸ ಉಡುಪು ಹೊಲಿಸಿದೆ, ಹಿಂದಿನ ದಿನವೇ ಹೋಗಿ ತಲೆಗೂದಲು ಸರಿಮಾಡಿಸಿಕೊಂಡೆ.

ಫೋನಿನ ದಿನ ಬೆಳಿಗ್ಗೆ ಅಡುಗೆಗೆ ಬಾಳೆಕಾಯಿ ತರಲು ಉಗ್ರಾಣಕ್ಕೆ ಹೋದೆ. ನೆಲ ಗುಡಿಸಿ ಒರೆಸಿದ್ದರು. ಮೂಟೆಗಳ ನಡುವೆ, ಹಳೆಯ ಜಾಗದಲ್ಲೇ, ನನ್ನ ಮಡಚುವ ಕಬ್ಬಿಣದ ಕುರ್ಚಿ. ಅದರ ಮೇಲೆ ಹೂವಿನ ಕಸೂತಿಯ ದಿಂಬು. ಪಕ್ಕದಲ್ಲಿ ಹೊಸ ಟೇಬಲ್ ಫ್ಯಾನು.

ಹಿಂದೆ ಅತ್ತೆ ಬಂದು ನಿಂತಿದ್ದರು.

‘ಇದೇನತ್ತೆ?’ ಅಂದೆ.

‘ಫ್ಯಾನು ಕಣೇ ಮಗಳೇ. ನಿಂಗೆ ಸೆಕೆ ಆಗ್ಬಾರ್ದು ಅಂತ ಲಿಸಾಂದ್ರೊ ತಂದಿಟ್ಟ. ಮೂರು ಥರ ತಿರುಗುತ್ತೆ.’

ಕೇಳಿದ್ದು ಒಂದು, ಹೇಳಿದ್ದು ಒಂದು. ನಮ್ಮತ್ತೆಯವರ ಜೊತೆ ಜಗಳ ಆಡುವುದು ಅದಕ್ಕೇ ಕಷ್ಟ. ಅವರು ಎಂದೂ ಗದರುವುದಿಲ್ಲ, ದಿಂಬು ತಂದು ಇಡುತ್ತಾರೆ.

ಎವಾರಿಸ್ತೊ ಕೋಣೆಯಲ್ಲಿ ಅಂಗಿ ತೊಟ್ಟುಕೊಳ್ಳುತ್ತಿದ್ದ. ನಾನು ಎಲ್ಲಿ ಕೂರಲಿ ಎಂದು ನೇರವಾಗಿ ಕೇಳಿದೆ. ಅವನು ಗುಂಡಿ ಹಾಕುವುದರಲ್ಲೇ ಮುಳುಗಿದ್ದ, ಅದೇ ಅವನು ಕಲಿತ ಮೊದಲ ಗುಂಡಿಯೋ ಎಂಬಂತೆ.

‘ಅಮ್ಮ ಹೇಳ್ದಂಗೆ ಮಾಡು ಮಿನಿಯಾ,’ ಅಂದ. ‘ಇವತ್ತೊಂದಿನ.’

‘ಇವತ್ತೊಂದಿನ ಇವತ್ತೊಂದಿನ ಅಂತಾನೇ ನನ್ನ ತಲೆ ನೆರೀತು ವಾರೊ,’ ಅಂದೆ. ನಮ್ಮಿಬ್ಬರ ನಡುವೆ ಅವನು ವಾರೊ.

‘ಇದೇ ಕೊನೇದು. ಆಣೆಗೂ ಕೊನೇದು.’

ಅಂಗಿಯ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ ಕೂತಿದ್ದವು. ಅದನ್ನು ನೋಡಿ ನನಗೆ ಕನಿಕರವೂ ಆಯಿತು, ಸಿಟ್ಟೂ ಬಂತು. ಅತ್ತ ದರಿ, ಇತ್ತ ಪುಲಿ. ಹೊರಗೆ ಕೂತೆ, ಫೋನು ಬರಲಿಲ್ಲ ಅಂದರೆ ಸಾಯುವ ತನಕ ಅದು ನನ್ನ ತಪ್ಪು. ಒಳಗೆ ಕೂತೆ, ಫೋನು ಬಂತು ಅಂದರೆ ನಾನು ಅಪಶಕುನ ಎಂಬುದು ಅವನ ಮುಖದ ಜೊತೆಗೇ ಕಂಚಿನಲ್ಲಿ ಎರಕವಾಗುತ್ತದೆ. ಅವನೊಬ್ಬ ‘ಬಾ, ಪಕ್ಕದಲ್ಲಿ ಕೂತ್ಕೊ, ಆದದ್ದಾಗಲಿ’ ಎಂದಿದ್ದರೆ ಎರಡೂ ಬೋನು ಮುರಿದುಬೀಳುತ್ತಿದ್ದವು. ಜೀವಮಾನದಲ್ಲಿ ಒಂದು ಸಲ ಅವನ ಬಾಯಲ್ಲಿ ಆ ಮಾತು ಕೇಳಬೇಕು ಎಂಬುದೊಂದೇ ನನ್ನ ಆಸೆ. ಅವನು ಹೇಳಲಿಲ್ಲ. ನೀಲಿ ಉಡುಪು ತೊಟ್ಟುಕೊಂಡೇ ನಾನು ಉಗ್ರಾಣಕ್ಕೆ ಹೋದೆ. ಅತ್ತೆ ಒಂದು ಬಟ್ಟಲು ಸಾರು, ಅನ್ನ, ಒಂದು ಹೋಳು ಬೆಣ್ಣೆಹಣ್ಣು ತಂದುಕೊಟ್ಟು, ಹಣೆಗೆ ಮುತ್ತಿಟ್ಟು, ಚಿಲಕ ಹಾಕಿದರು.

ಹೊರಗೆ ಮನೆ ತುಂಬಿತು. ಓಣಿಯವರು, ಹಳೆಯ ಜೊತೆಗಾರರು, ಟಿವಿಯವರು, ಎಲ್ಲರ ಚಪ್ಪಲಿ ಸದ್ದೂ ಕೇಳುತ್ತಿತ್ತು. ಆಮೇಲೆ ಅತ್ತೆ ಎಲ್ಲರಿಗೂ ನಿಯಮ ಹೇಳಿದರು. ‘ಫೋನು’ ಎಂಬ ಮಾತು ಯಾರ ಬಾಯಲ್ಲೂ ಬರಕೂಡದು. ಕೂತವರು ಏಳಕೂಡದು. ಅವನ ಫೋನನ್ನು ಮಾತೆ ಮರಿಯಳ ಪಟದ ಕೆಳಗೆ ಇಟ್ಟಿದೆ, ಅದನ್ನು ಯಾರೂ ಮುಟ್ಟಕೂಡದು. ಅವರು ಮಾತ್ರ ಆಗಾಗ ಬಂದು ಅದರ ಮೇಲೆ ಹೂವಿನ ಪರಿಮಳದ ಮಂತ್ರದ ನೀರು ಚಿಮುಕಿಸುತ್ತಿದ್ದರು. ಬಾಗಿಲ ಕಿಂಡಿಯಿಂದ ನನ್ನ ತನಕ ವಾಸನೆ ಬರುತ್ತಿತ್ತು. ಇಷ್ಟೊಂದು ನೀರು ಯಾಕೆ ಎಂದು ನನಗೇ ಅನಿಸಿತು. ಆದರೆ ಉಗ್ರಾಣದಲ್ಲಿ ಇರುವವಳನ್ನು ಯಾರು ಕೇಳುತ್ತಾರೆ?

ಹೊತ್ತು ಹೋಯಿತು. ಮನೆ ಶವ ಇಟ್ಟ ಮನೆಯಷ್ಟು ಸ್ತಬ್ಧವಾಗಿತ್ತು. ಫ್ಯಾನು ಮೂರು ಥರವೂ ತಿರುಗಿತು. ಆಗ ನನ್ನ ಮಡಿಲಲ್ಲಿದ್ದ ನನ್ನದೇ ಫೋನು ಗುಂಯ್‌ಗುಟ್ಟಿತು. ಬಡಗಣ ದೇಶದ ನಂಬರು.

ಡಿಸೆಂಬರಿನಲ್ಲಿ ಕೀರ್ತಿಮಂದಿರದವರು ಎರಡು ನಂಬರು ಕೇಳಿದ್ದರು. ಎವಾರಿಸ್ತೊ ಫೋನಿಗೆ ಚಾರ್ಜು ಹಾಕುವ ಗಂಡಸಲ್ಲ, ಅದಕ್ಕೇ ಎರಡನೆಯದು ನನ್ನದು ಕೊಟ್ಟಿದ್ದೆ. ಎದ್ದು ನಿಂತೆ. ಫೋನು ಕಿವಿಗಿಟ್ಟೆ.

ಒಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು, ಇನ್ನೊಬ್ಬ ಅದನ್ನು ನಮ್ಮ ಸ್ಪ್ಯಾನಿಷಿಗೆ ತಿರುಗಿಸಿದ. ಎವಾರಿಸ್ತೊ ಅವರ ಫೋನು ಸತ್ತಿದೆ, ಎಷ್ಟು ಸಲ ಮಾಡಿದರೂ ಹೋಗುತ್ತಿಲ್ಲ, ಅವರು ಹತ್ತಿರದಲ್ಲಿದ್ದಾರೆಯೇ ಎಂದು ಕೇಳಿದ. ಗೋಡೆಯಾಚೆಗೆ ಇದ್ದಾರೆ, ಒಂದು ನಿಮಿಷ ಎಂದು ಹೇಳಿ ಬಾಗಿಲು ಬಡಿದೆ.

‘ಅತ್ತೆ, ಬಾಗಿಲು ತೆಗೀರಿ.’

‘ಸ್ವಲ್ಪ ತಡ್ಕೊಳ್ಳೇ ಮಗಳೇ, ಇನ್ನೇನು ಆಗೋಯ್ತು,’ ಎಂದು ಅತ್ತೆ ಪಿಸುಗುಟ್ಟಿದರು.

‘ಅಯ್ಯೋ, ಫೋನು ಬಂದಿದೆ. ಫೋನು, ಫೋನು.’

ಹೊರಗೆ ಆದ ಗಾಬರಿಯನ್ನು ಏನು ಹೇಳಲಿ. ನಾನು ಆಡಬಾರದ ಮಾತನ್ನು ಮೂರು ಸಲ ಆಡಿದ್ದೆ. ‘ಬಾಯಿ ಮುಚ್ಸಿ ಅವ್ಳದ್ದು’ ಎಂದು ಯಾರೋ ಅಂದರು. ಲಿಸಾಂದ್ರೊ ಪಾತ್ರೆ ಬಡಿಯತೊಡಗಿದ. ಅತ್ತೆ ಗಟ್ಟಿಯಾಗಿ ಜಪಮಾಲೆಯ ಪ್ರಾರ್ಥನೆ ಶುರುಮಾಡಿದರು, ಕೂತವರೆಲ್ಲ ಕೂತಲ್ಲಿಂದಲೇ ದನಿಗೂಡಿಸಿದರು. ನಾನು ಎಷ್ಟು ಕಿರುಚಿದೆನೋ ಅಷ್ಟು ಜೋರಾಗಿ ಅವರು ಮಾತೆಯನ್ನು ಕರೆದರು. ಅವನನ್ನು ಕರೆಯುತ್ತಿದ್ದ ದನಿ ನನ್ನ ಕೈಯಲ್ಲಿತ್ತು, ಅದು ಕೇಳಿಸದಂತೆ ಮಾಡಲು ಇಡೀ ಓಣಿ ದೇವರನ್ನು ಬೇಡುತ್ತಿತ್ತು.

ಫೋನಿನಲ್ಲಿದ್ದವನು ಹೆದರಿದ. ‘ಅಮ್ಮಾ, ನಿಮಗೇನಾದ್ರೂ ತೊಂದರೆ ಇದ್ಯಾ? ಪೊಲೀಸರಿಗೆ ತಿಳಿಸ್ಬೇಕಾ?’ ಎಂದು ಕೇಳಿದ. ಬೇಡಪ್ಪ, ಇದು ನಮ್ಮ ಮನೆಯ ಪದ್ಧತಿ ಅಂದೆ. ಸುದ್ದಿಯನ್ನು ಆಟಗಾರನಿಗೇ ಹೇಳುವುದು ಅವರ ಪದ್ಧತಿಯಂತೆ. ನಾನು ಅವನ ಹೆಂಡತಿ, ನನಗೆ ಹೇಳಿ ಅಂದೆ. ಅತ್ತ ಇಬ್ಬರೂ ಸ್ವಲ್ಪ ಗುಸುಗುಸು ಮಾಡಿಕೊಂಡರು. ಆಮೇಲೆ ಹೇಳಿದರು.

ಅವನ ಮುಖ ಗೋಡೆ ಏರಿತ್ತು.

ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟು ಸಂತೋಷ ನನಗೆ ನನ್ನ ಮಗಳು ಹುಟ್ಟಿದಾಗ ಆಗಿತ್ತು, ಆಮೇಲೆ ಆಗಿರಲಿಲ್ಲ. ಜುಲೈ ತಿಂಗಳಲ್ಲಿ ಸಮಾರಂಭ, ಕುಟುಂಬದವರಿಗೆ ಮೊದಲ ಸಾಲಿನಲ್ಲಿ ಜಾಗವಿರುತ್ತದೆ ಎಂದು ಆ ಹುಡುಗ ಹೇಳಿದ. ‘ಅದರಲ್ಲಿ ಒಂದು ಕುರ್ಚಿಗೆ ನನ್ನ ಹೆಸರು ಈಗ್ಲೇ ಬರ್ಕೊಳ್ಳಪ್ಪ,’ ಅಂದೆ. ಅವನು ನಕ್ಕು, ಬರೆದುಕೊಂಡೆ ಅಂದ. ಸ್ವಲ್ಪ ಹೊತ್ತು ಬಿಟ್ಟು ಇದೇ ನಂಬರಿಗೆ ಮತ್ತೆ ಮಾಡುತ್ತೇವೆ, ಅಷ್ಟರಲ್ಲಿ ಅವರನ್ನು ಕರೆದಿಟ್ಟಿರಿ ಎಂದು ಹೇಳಿ ಫೋನು ಇಟ್ಟ.

ಆಗ ನಾನು ಬಾಗಿಲು ಬಡಿಯುವುದನ್ನು ನಿಲ್ಲಿಸಿದೆ. ಪ್ರಾರ್ಥನೆಯೂ ನಿಂತಿತ್ತು. ಗೆದ್ದೆವು ಎಂದು ಕಿಂಡಿಯಿಂದ ಕೂಗಬಹುದಿತ್ತು. ಕೂಗಲಿಲ್ಲ. ಅವನು ಗೆದ್ದಾಗ ಏನು ಹೇಳುತ್ತಾನೆಂದು ನನಗೆ ಗೊತ್ತು, ಸೋತೆ ಅಂದುಕೊಂಡಾಗ ನನ್ನ ಹತ್ತಿರ ಏನು ಹೇಳುತ್ತಾನೆ ಎಂಬುದು ನನಗೆ ಬೇಕಾಗಿತ್ತು. ಹತ್ತೂ ವರ್ಷ ಮುಗಿದು, ಕಳೆದುಕೊಳ್ಳಲು ಇನ್ನೇನೂ ಇಲ್ಲದಿದ್ದಾಗಲಾದರೂ ‘ಬಾ’ ಅನ್ನುತ್ತಾನೇನೋ. ಅಷ್ಟು ಹೇಳಿದರೆ ಎಲ್ಲ ಮರೆತುಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ ಕುರ್ಚಿಯ ಪಕ್ಕ ನಿಂತೆ.

ಹೊರಗಿನವರ ಲೆಕ್ಕದಲ್ಲಿ ಫೋನು ಬರುವ ಹೊತ್ತು ಮೀರಿತು. ಹೊರಗೆ ಒಬ್ಬೊಬ್ಬರೇ ಗಂಟಲು ಸರಿಮಾಡಿಕೊಂಡರು. ಯಾರೋ ಕುರ್ಚಿ ಎಳೆದು ಎದ್ದರು. ಮುಂದಿನ ವರ್ಷ ಅನ್ನಲು ಹೋಗಿ ಯಾರೋ ಅರ್ಧಕ್ಕೇ ನುಂಗಿದರು, ಮುಂದಿನ ವರ್ಷ ಎಂಬುದು ಇರಲಿಲ್ಲವಲ್ಲ. ಅತ್ತೆ ಬಿಕ್ಕುವುದು ಕೇಳಿತು. ಆಮೇಲೆ ಅವನ ಹೆಜ್ಜೆ ಉಗ್ರಾಣದ ಕಡೆ ಬಂತು. ಆ ಹೆಜ್ಜೆ ನನಗೆ ಗೊತ್ತು, ಬಲಗಾಲು ಸ್ವಲ್ಪ ಎಳೆಯುತ್ತಾನೆ. ಚಿಲಕ ತೆಗೆದ.

ಅವನ ಮುಖ ಬಾಡಿಹೋಗಿತ್ತು. ತಪ್ಪು ಮಾಡಿದೆನೇ, ಮೊದಲೇ ಹೇಳಿಬಿಡಬೇಕಿತ್ತೇ ಅನಿಸಿತು. ಹೇಳಲು ಬಾಯಿ ತೆರೆದೆ.

ಅವನು ನನ್ನನ್ನು ನೋಡಿದ. ಖಾಲಿ ಕುರ್ಚಿ ನೋಡಿದ.

‘ಕುರ್ಚಿ ಬಿಟ್ಟು ಎದ್ದಿದ್ಯಾ?’ ಅಂದ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಮತ್ತೆ ಗುಂಯ್‌ಗುಟ್ಟಿತು. ಅವನ ಕೈಗೆ ಕೊಟ್ಟೆ. ‘ನಿಂಗೇ,’ ಅಂದೆ.

ಅವನು ಕೇಳಿಸಿಕೊಂಡ. ಮೊದಲು ಏನೂ ಅರ್ಥವಾಗದವನ ಹಾಗೆ ನಿಂತಿದ್ದ, ಆಮೇಲೆ ಅಕ್ಕಿಮೂಟೆಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಉಗ್ರಾಣದೊಳಗೆ ಜನ ನುಗ್ಗಿದರು. ಹಿಟ್ಟು ಚೆಲ್ಲಿತು, ಈರುಳ್ಳಿ ಉರುಳಿತು, ಲಿಸಾಂದ್ರೊ ನನ್ನ ಹೊಸ ಫ್ಯಾನು ತುಳಿದ. ಎವಾರಿಸ್ತೊ ನನ್ನನ್ನು ತಬ್ಬಿಕೊಂಡು ‘ನಿನ್ನಿಂದ, ಎಲ್ಲ ನಿನ್ನಿಂದ’ ಎಂದು ಹೇಳುತ್ತಲೇ ಇದ್ದ. ನಾನು ಎದ್ದಿದ್ದೆನೋ ಇಲ್ಲವೋ ಎಂದು ಮತ್ತೆ ಕೇಳಲಿಲ್ಲ.

ಪಟದ ಕೆಳಗಿನ ಫೋನು ನೀರು ಕುಡಿದು ಸತ್ತಿದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಯಾರಿಗೂ ನಾಚಿಕೆಯಾಗಲಿಲ್ಲ. ಅತ್ತೆ ಎರಡು ಕೈ ಎತ್ತಿ ಮಾತೆಗೆ ನಮಸ್ಕರಿಸಿದರು.

‘ನೋಡಿದ್ರಾ?’ ಅಂದರು ಎಲ್ಲರ ಕಡೆ ತಿರುಗಿ. ‘ಫೋನು ಕೂಡ ಹುಡುಕ್ಕೊಂಡು ಉಗ್ರಾಣಕ್ಕೇ ಬಂತು. ಇವ್ಳು ಹೊರಗೆ ಕೂತಿದ್ರೆ ಬರ್ತಿತ್ತಾ?’

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು. ಹೊರಗೆ ಕೂತಿದ್ದರೂ ಫೋನು ನನ್ನ ಕೈಯಲ್ಲೇ ಇರುತ್ತಿತ್ತು ಎಂದು ಹೇಳಿದೆ. ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ನಾನು ನೀಲಿ ಉಡುಪಿನ ಹಿಟ್ಟು ಕೊಡವಿಕೊಂಡು ಅವರ ಹಿಂದೆ ಹೊರಗೆ ಹೊರಟೆ. ಹೊಸ್ತಿಲಲ್ಲಿ ಅತ್ತೆ ತಡೆದರು.

‘ಟಿವೀಲಿ ಇನ್ನೂ ಓದಿಲ್ವಲ್ಲೇ,’ ಅಂದರು ಮೆಲ್ಲಗೆ. ‘ಆರು ಗಂಟೆಗಲ್ವಾ ಓದೋದು. ಬಾಯಿಗೆ ಬಂದ ತುತ್ತು ಜಾರಿಹೋಗ್ಬಾರ್ದು.’

ಗಂಡನ ಮುಖ ನೋಡಿದೆ. ಅವನ ಕಣ್ಣಲ್ಲಿ ಇನ್ನೂ ನೀರಿತ್ತು, ತುಟಿಯಲ್ಲಿ ನಗು ಇತ್ತು. ಸುದ್ದಿ ಅವನ ಕಿವಿಗೇ ಬಿದ್ದಿತ್ತು, ಖುದ್ದು ಕೀರ್ತಿಮಂದಿರದ ದೊಡ್ಡವರೇ ಹೇಳಿದ್ದರು. ಅವನು ತಾಯಿಯನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ.

‘ಆರು ಗಂಟೆ ತನಕ ಅಷ್ಟೇ ಮಿನಿಯಾ,’ ಅಂದ.

‘ಬೆಳಿಗ್ಗೆ ಕೊನೇದು ಅಂದ್ಯಲ್ಲ.’

‘ಇದೂ ಅದರಲ್ಲೇ ಸೇರ್ತು.’

ನನ್ನ ಭುಜ ಹಿಡಿದು, ಗಾಜಿನ ಪಾತ್ರೆ ಹಿಡಿದಷ್ಟು ಜೋಪಾನವಾಗಿ, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದ. ದಿಂಬು ಸರಿಮಾಡಿದ. ಹೋಗಿ ಬಾಗಿಲು ಎಳೆದುಕೊಂಡ. ಇಷ್ಟು ವರ್ಷ ಚಿಲಕ ಹಾಕಿದ್ದು ಅತ್ತೆಯ ಕೈ. ಆ ದಿನ ಅವನೇ ಹಾಕಿದ, ಎಡಗೈಯಲ್ಲಿ.

ನಾನು ಅತ್ತುಬಿಟ್ಟೆ. ಅಳುವುದು ಸಾಕಾದ ಮೇಲೆ ಎದ್ದೆ. ಕುರ್ಚಿ ಮಡಚಿದೆ. ಮೂಟೆಗಳ ಮೇಲೆ ಹತ್ತಿ ಅದನ್ನು ಅಟ್ಟದ ಮೇಲೆ, ಹಳೆಯ ಗ್ಲೌಸುಗಳ ರಾಶಿಯ ಹಿಂದೆ ಇಟ್ಟು ಇಳಿದೆ. ದಿಂಬನ್ನು ಕಾಲಿನಿಂದ ಮೂಲೆಗೆ ತಳ್ಳಿದೆ. ಗೋಡೆಗೂ ಒರಗದೆ ನೆಲದ ನಡುವೆ ನಿಂತೆ. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಆ ಹೆಸರು ಓದದಿದ್ದರೆ? ಇಷ್ಟು ವರ್ಷ ಕೂತವಳ ಮೈಯೊಳಗೂ ಆ ಚಿಲಕ ಇರುತ್ತದೆ. ಕಾಲು ನೋಯುತ್ತಿದ್ದರೂ ನಿಂತೇ ಇದ್ದೆ.

ಆರು ಗಂಟೆಗೆ ಟಿವಿಯ ದನಿ ಜೋರಾಯಿತು. ಇಂಗ್ಲಿಷಿನವನು ನಮ್ಮ ಹೆಸರನ್ನು ಎಷ್ಟು ಕೆಡಿಸಿದರೂ ಅದು ನನ್ನ ಗಂಡನ ಹೆಸರೇ ಆಗಿತ್ತು. ಪಟಾಕಿ ಸಿಡಿಯಿತು, ಓಣಿಯಲ್ಲಿ ಮೋಟರ್‌ಸೈಕಲ್ಲುಗಳು ಅರಚಿದವು, ತಮಟೆ ಶುರುವಾಯಿತು. ಊರು ಸುತ್ತಲು ಲಾರಿ ಬಂದು ನಿಂತಿತ್ತು. ನನ್ನ ನೆನಪು ಬರಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಎಲ್ಲರಿಗಿಂತ ಮೊದಲು ಬಂದವನು ಎವಾರಿಸ್ತೊ.

ಚಿಲಕ ತೆಗೆದು, ನಗುತ್ತ ಎರಡು ಕೈ ಚಾಚಿದವನು ಹಾಗೇ ನಿಂತ. ಕುರ್ಚಿ ಇರಬೇಕಾದ ಜಾಗ ನೋಡಿದ. ಮೂಲೆಯಲ್ಲಿ ಬಿದ್ದ ದಿಂಬು ನೋಡಿದ. ಅಟ್ಟದ ಅಂಚಿನಲ್ಲಿ ಕುರ್ಚಿಯ ಕಬ್ಬಿಣದ ಕಾಲು ಕಾಣುತ್ತಿತ್ತು, ಅದನ್ನೂ ನೋಡಿದ. ಅವನು ದಡ್ಡನಲ್ಲ. ನಗು ಮೆಲ್ಲಗೆ ಇಳಿದುಹೋಯಿತು.

‘ನಿಂತೇ ಇದ್ದೆ ವಾರೊ,’ ಅಂದೆ. ‘ಹೆಸರು ಓದಿದ್ರು.’

ಅವನು ಏನೋ ಹೇಳುತ್ತಾನೆ ಎಂದು ಕಾದೆ. ಪಡಸಾಲೆಯಲ್ಲಿ ಅತ್ತೆಯ ಚಪ್ಪಲಿ ಸದ್ದು ಹತ್ತಿರ ಬರುತ್ತಿತ್ತು, ‘ಎಲ್ಲಿ ನನ್ನ ಬಂಗಾರ, ಎಲ್ಲಿ ನನ್ನ ಅದೃಷ್ಟ’ ಎಂದು ಹಾಡುತ್ತ ಬರುತ್ತಿದ್ದರು. ಅವನು ಬೇಗ ಬೇಗ ಮೂಟೆಯ ಮೇಲೆ ಕಾಲಿಟ್ಟು ಅಟ್ಟಕ್ಕೆ ಕೈಚಾಚಿದ. ಕುರ್ಚಿ ಇಳಿಸಿದ, ಬಿಡಿಸಿದ, ಮೊದಲಿದ್ದ ಜಾಗದಲ್ಲೇ ಇಟ್ಟ. ದಿಂಬಿನ ಧೂಳು ತಟ್ಟಿ ಅದರ ಮೇಲೆ ಹಾಕಿದ. ಅತ್ತೆ ಹೊಸ್ತಿಲಿಗೆ ಬರುವಷ್ಟರಲ್ಲಿ ನನ್ನ ಕೈ ಹಿಡಿದು, ಈಗಷ್ಟೇ ಅದರಿಂದ ಎಬ್ಬಿಸಿದವನ ಹಾಗೆ, ನನ್ನ ಪಕ್ಕದಲ್ಲಿ ನಿಂತಿದ್ದ.